ಆವರಣದೊಳಗಿನ ಒಂದೇ ಸಾಲು

ವಿಯೆನ್ನಾದ ಪಾರ್ಲಿಮೆಂಟಿನಲ್ಲಿ ಮೂವತ್ತಮೂರು ವರ್ಷ ಶೀಘ್ರಲಿಪಿಕಾರರಾಗಿದ್ದು ಈ ಮಾರ್ಚ್ ತಿಂಗಳಲ್ಲಿ ನಿವೃತ್ತರಾದ ಶ್ರೀ ಲಿಯೋಪೋಲ್ಡ್ ಹವ್ರಾನೆಕ್ ಅವರು ಆ ವಿದ್ಯೆಯಲ್ಲಿ ಎಲ್ಲರಿಗಿಂತ ವೇಗದವರೇನೂ ಆಗಿರಲಿಲ್ಲ. ಅವರಿಗಿಂತ ಬೇಗ ಬರೆಯುವ ಇಬ್ಬರನ್ನು ನಾನೇ ಬಲ್ಲೆ. ಆದರೆ ಆಡದ ಮಾತನ್ನು ಬರೆಯದಿರುವುದರಲ್ಲಿ ಅವರನ್ನು ಮೀರಿಸಿದವರನ್ನು ಪತ್ರಕರ್ತರ ಗ್ಯಾಲರಿಯಲ್ಲಿ ಕಳೆದ ಇಪ್ಪತ್ತೆರಡು ವರ್ಷಗಳಲ್ಲಿ ನಾನು ಕಂಡಿಲ್ಲ.

ಮೊರಾವಿಯಾದ ಗಡಿಯಾರ ರಿಪೇರಿಯವರೊಬ್ಬರ ಮಗನಾದ ಅವರು 1879ರಲ್ಲಿ, ಸಭೆ ಇನ್ನೂ ಮರದ ಕಟ್ಟಡದಲ್ಲಿ ಸೇರುತ್ತಿದ್ದಾಗ ಕೆಲಸಕ್ಕೆ ಬಂದರು. ಮದುವೆಯಿಂದ, ಉತ್ತರಾಧಿಕಾರದಿಂದ, ಒಪ್ಪಂದದಿಂದ ಒಂದೊಂದೇ ಸೀಮೆಯನ್ನು ಸೇರಿಸಿಕೊಂಡು ಬೆಳೆದ ಸಾಮ್ರಾಜ್ಯ ನಮ್ಮದು; ಬಂದ ಪ್ರತಿ ಸೀಮೆಯೂ ತನ್ನ ಭಾಷೆಯನ್ನೂ ತನ್ನ ದೂರುಗಳನ್ನೂ ಜೊತೆಗೇ ತಂದಿತು. ಬೊಹೆಮಿಯಾದ ಕಚೇರಿಗಳಲ್ಲಿ ಯಾವ ಭಾಷೆ ನಡೆಯಬೇಕೆಂದು 1897ರಲ್ಲಿ ಸಭೆ ರಣರಂಗವಾದಾಗ, ಹಾರಿಬಂದ ಮಸಿಕುಡಿಕೆಯೊಂದು ಹವ್ರಾನೆಕ್ ಅವರ ಹೆಗಲಿಗೆ ಬಡಿಯಿತು. ಅವರು ವಾಕ್ಯ ಮುಗಿಸಿ, ಪಾಳಿ ಬದಲಾದ ಮೇಲೆ ಕೋಟು ಕಳಚಿದರು.

ಸದಸ್ಯರು ಎಂಟು ಭಾಷೆಗಳಲ್ಲಿ ಯಾವುದರಲ್ಲಾದರೂ ಮಾತಾಡಬಹುದು. ಅಧಿಕೃತ ವರದಿಗೆ ಸೇರುವುದು ಜರ್ಮನ್ ಮಾತ್ರ. ಉಳಿದದ್ದಕ್ಕೆ ಆವರಣ ಚಿಹ್ನೆಯೊಳಗೆ ಒಂದೇ ಸಾಲು: ‘(ರುಥೇನಿಯನ್ ಭಾಷೆಯಲ್ಲಿ ಮಾತನಾಡುತ್ತಾರೆ.)’ ಸದಸ್ಯರು ಅಂದೇ ಜರ್ಮನ್ ಪಠ್ಯವನ್ನು ಒಪ್ಪಿಸಿದರೆ ಅದನ್ನು ಸೇರಿಸುವುದುಂಟು. ಹಾಗೆ ವರದಿಗೆ ಸೇರಿದ ಮಾತನ್ನು ಯಾವ ಪತ್ರಿಕೆ ಮುದ್ರಿಸಿದರೂ ಸರ್ಕಾರ ಅದನ್ನು ಮುಟ್ಟುಗೋಲು ಹಾಕುವಂತಿಲ್ಲ.

1908ರ ಜೂನ್‌ನಲ್ಲಿ ಗಲೀಷಿಯಾದ ರೈತ ಸದಸ್ಯ ಓಸಿಪ್ ತಿಮ್ಚುಕ್ ಅವರು, ತಮ್ಮ ಹಳ್ಳಿಯ ಗೋಮಾಳದ ಜಗಳದಲ್ಲಿ ಗುಂಡೇಟಿಗೆ ಸತ್ತ ಮೂವರ ಹೆಸರು ಹೇಳಿ, ತಮ್ಮ ಸೀಮೆಯ ರೈತರ ಭಾಷೆಯಾದ ರುಥೇನಿಯನ್ನಿನಲ್ಲಿ ಇಪ್ಪತ್ತು ನಿಮಿಷ ಮಾತಾಡಿದರು. ಆ ಹೆಸರುಗಳನ್ನು ಅಚ್ಚು ಹಾಕಿದ್ದ ಅಲ್ಲಿನ ಪತ್ರಿಕೆ ಆಗಲೇ ಮುಟ್ಟುಗೋಲಾಗಿತ್ತು. ತಿಮ್ಚುಕ್ ಅವರಿಗೆ ಜರ್ಮನ್ ಬರೆಯಲು ಬಾರದು. ಹರೆಯದಲ್ಲಿ ಗಲೀಷಿಯಾದ ರಾಜಧಾನಿ ಲೆಂಬರ್ಗಿನಲ್ಲಿ ಸೈನ್ಯದಲ್ಲಿದ್ದ ಹವ್ರಾನೆಕ್ ಅವರಿಗೆ ರುಥೇನಿಯನ್ ಬರುತ್ತಿತ್ತು. ತಮ್ಮ ಬಿಡುವಿನ ಹೊತ್ತಿನಲ್ಲಿ ಅವರು ಉಪಾಹಾರ ಗೃಹಕ್ಕೆ ಬಂದು, ತಿಮ್ಚುಕ್ ಅವರ ಎದುರು ಕೂತು ಪೆನ್ಸಿಲ್ ತೆಗೆದರು. ಆ ಭಾಷೆಯನ್ನು ಅಷ್ಟಿಷ್ಟು ಬಲ್ಲ ನಾನು ಪಕ್ಕದ ಮೇಜಿನಲ್ಲಿದ್ದೆ.

“ಹೆಂಗೂ ಬರೀತಿದ್ದೀರಲ್ಲ ಸ್ವಾಮಿ, ಸತ್ತೋರು ಹತ್ತು ಜನ ಅಂತ ಹಾಕ್ಬಿಡಿ,” ಎಂದರು ತಿಮ್ಚುಕ್. “ಮೂರು ಅಂದ್ರೆ ಈ ಊರಿನೋರು ತಲೆ ಎತ್ತಿ ನೋಡಲ್ಲ.”

“ನೀವು ಹೇಳಿದ್ದು ಮೂರು.”

“ಸಭೆಯೋರು ಚಪ್ಪಾಳೆ ತಟ್ಟಿದ್ರು ಅಂತಾದ್ರೂ ಹಾಕಿ.”

“ಸಭೇಲಿದ್ದೋರು ಹನ್ನೊಂದು ಜನ. ಅದ್ರಲ್ಲಿ ನಾಲ್ವರು ನಿದ್ದೆ ಮಾಡ್ತಿದ್ರು. ಅದನ್ನ ಬರೀಲಾ?”

ತಿಮ್ಚುಕ್ ನಕ್ಕುಬಿಟ್ಟರು. ಆಮೇಲೆ ಹೇಳಿದರು: “ಬ್ಯಾಡ ಬಿಡಿ, ಮೂರೇ ಇರಲಿ. ಹೆಸರು ಮಾತ್ರ ಸರಿಯಾಗಿ ಬರೀರಿ. ಒಬ್ಬ ನಮ್ಮಕ್ಕನ ಮಗ.”

ಆ ಹೆಸರನ್ನು ಹವ್ರಾನೆಕ್ ಅವರು ಎರಡು ಸಲ ಹೇಳಿಸಿ ಬರೆದುಕೊಂಡರು.

ಸಂಜೆ ಐದಕ್ಕೆ ಪಠ್ಯ ವರದಿಗೆ ಸೇರಿತು. ಮರುದಿನ ಮೂರು ಹೆಸರುಗಳೂ ನಮ್ಮ ಪತ್ರಿಕೆಯಲ್ಲಿ ಬಂದವು. ಜೊತೆಗೆ ನಾನು ‘ಕಚೇರಿಯ ಅಧಿಕಾರಿಯೊಬ್ಬರ ನೆರವಿನಿಂದ’ ಎಂದೂ ಬರೆದೆ. ಅದು ನಿಜವಾಗಿತ್ತು, ಅಗತ್ಯವಾಗಿರಲಿಲ್ಲ. ಸದಸ್ಯರಿಗೆ ಪಠ್ಯ ಬರೆದುಕೊಡುವುದು ಕಚೇರಿಯವರಿಗೆ ನಿಯಮದಂತೆ ನಿಷಿದ್ಧ. ರುಥೇನಿಯನ್ ಬಲ್ಲ ಶೀಘ್ರಲಿಪಿಕಾರರು ಒಬ್ಬರೇ ಇದ್ದುದರಿಂದ ಯಾರೂ ಹುಡುಕಬೇಕಾಗಲಿಲ್ಲ. ಸೇವಾ ಹಿರಿತನದಿಂದ ಮುಂದಿನ ವರ್ಷ ಅವರಿಗೆ ಬರಬೇಕಿದ್ದ ಮುಖ್ಯಸ್ಥರ ಹುದ್ದೆ ಬೇರೆಯವರ ಪಾಲಾಯಿತು. ಕೊನೆಯವರೆಗೂ ಅವರು ಉಪಮುಖ್ಯಸ್ಥರಾಗಿಯೇ ಉಳಿದರು. ಕ್ಷಮೆ ಕೇಳಲು ಹೋದ ನನಗೆ ಅವರು ಹೇಳಿದ್ದಿಷ್ಟು: “ಸುಳ್ಳು ಬರ್ದಿದ್ರಾ? ಇಲ್ವಲ್ಲ. ಕೂತ್ಕೊಳ್ಳಿ, ಕಾಫಿ ಆರೋಗ್ತಿದೆ.” ಅದಾದ ಮೇಲೆ ಯಾವ ವರದಿಯನ್ನೂ ನಾನು, ಇದರಿಂದ ಯಾರಿಗೆ ಏನಾದೀತೆಂದು ಯೋಚಿಸದೆ ಅಚ್ಚಿಗೆ ಕಳಿಸಿಲ್ಲ.

ಈಗ ಅವರನ್ನು ಕಟ್ಟಿಹಾಕುವ ನಿಯಮವಿಲ್ಲ. ಗ್ಯಾಲರಿಯಲ್ಲಿ ನನ್ನ ಪಕ್ಕದ ಕುರ್ಚಿ ಅವರಿಗಾಗಿದೆ. ಆವರಣದೊಳಗೆ ಒಂದೇ ಸಾಲಾಗಿ ಮುಗಿಯುವ ಜೆಕ್, ಪೋಲಿಷ್, ರುಥೇನಿಯನ್ ಭಾಷಣಗಳ ಸಾರವನ್ನು ಅವರು ವಾರವಾರವೂ ನಮ್ಮ ಪತ್ರಿಕೆಗೆ ಬರೆಯಲು ಒಪ್ಪಿದ್ದಾರೆ. ಅವರು ದೀರ್ಘಕಾಲ ಬಾಳಲಿ, ಆ ಕೈ ನಡುಗದಿರಲಿ. ಅಂಕಣಕ್ಕೆ ಅವರ ಹೆಸರು ಹಾಕಬಹುದೇ ಎಂದು ಈ ಸಲ ಮೊದಲೇ ಕೇಳಿದೆ. “ಹಾಕಿ,” ಎಂದರು.