ತಲೆಬಟ್ಟೆಯ ಮಡಿಕೆಯಲ್ಲಿ ಬಂದ ಕಾಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಂತಿ ಬೇಲಿಯೊಳಗೆ ಮುಸುಕಿನ ಜೋಳದ ಸಾಲುಗಳು ಇಬ್ಬನಿಯಲ್ಲಿ ತೊಯ್ದು ನಿಂತಿವೆ. ಅವುಗಳ ನಡುವೆ ಒಂದು ತಲೆಬಟ್ಟೆ ಮಾತ್ರ ಅತ್ತಿತ್ತ ಸರಿದಾಡುವುದು ಕಾಣುತ್ತದೆ. ಅದನ್ನು ಕಟ್ಟಿಕೊಂಡಾಕೆ ಎಡಗೈಯಲ್ಲಿ ದಂಟು ಬಗ್ಗಿಸಿ, ಬಲಗೈಯಲ್ಲಿ ತುದಿಯ ಜುಟ್ಟನ್ನು ಕಿತ್ತು, ಬೆನ್ನಿನ ಚೀಲಕ್ಕೆ ತುಂಬಿ ಮುಂದಿನ ಗಿಡಕ್ಕೆ ಹೋಗುತ್ತಾರೆ. ಜುಟ್ಟೆಂದರೆ ಜೋಳದ ಗಂಡು ಹೂವು. ಬಿಸಿಲೇರಿದರೆ ಅರಳುತ್ತದೆ, ಅದರ ಪುಡಿ ಗಾಳಿಗೆ ಹಾರಿ ಬೇಲಿ ದಾಟುತ್ತದೆ, ಹೊರಗಿನ ಜೋಳದ ಕಾಳನ್ನು ಬೆರಕೆ ಮಾಡುತ್ತದೆ. ಅದಕ್ಕೇ ಈಕೆ ಸೂರ್ಯನಿಗಿಂತ ಮೊದಲೇ ಇಲ್ಲಿ ಹಾಜರು.

ಜುಟ್ಟು ಕೀಳುವವರಿಗೆ ಜುಟ್ಟಕ್ಕ ಎಂದಲ್ಲದೆ ಇನ್ನೇನು ಹೆಸರಿಟ್ಟಾರು? ಜೊತೆಯವರು ತಮಾಷೆಗೆ ಇಟ್ಟ ಹೆಸರು ಈಗ ಗಂಡನ ಬಾಯಲ್ಲೂ ಬರುತ್ತದೆ. “ಕರೀಲಿ ಬಿಡಿ, ಎಲ್ಲರ ಜುಟ್ಟೂ ನನ್ನ ಕೈಲೇ ಇದೆಯಲ್ಲ,” ಎಂದು ನಗುತ್ತಾರೆ. ಐವತ್ತು ದಾಟಿದ ಜೀವ. ಮೊದಲು ಇಟ್ಟಿಗೆ ಹೊತ್ತರು, ಸೊಂಟ ಹಿಡಿಯಿತು. ಹೋಟೆಲಿನಲ್ಲಿ ಪಾತ್ರೆ ತೊಳೆದರು, ಅಂಗೈ ಒಡೆಯಿತು. ಇಲ್ಲಿ ಎಲೆಯಂಚು ಮುಖ ಗೀರುತ್ತದೆ, ಕಣ್ಣು ಉರಿಯುತ್ತದೆ. ಬೆಳಗಿಗೆ ಸಾವಿರಕ್ಕೂ ಹೆಚ್ಚು ಗಿಡ. ಅದು ಮುಗಿದ ಮೇಲೆ ಕಣ್ತಪ್ಪಿದ್ದನ್ನು ಹುಡುಕಲು ಇನ್ನೊಂದು ಸುತ್ತು.

ಇದು ಕುಲಾಂತರಿ ಜೋಳ. ಹುಳು ಮುಟ್ಟದಿರಲೆಂದು ಬೇರೊಂದು ಜೀವಿಯ ಗುಣವನ್ನು ಪ್ರಯೋಗಾಲಯದಲ್ಲಿ ಸೇರಿಸಿ ಮಾಡಿದ ತಳಿ. ತಿಂದರೆ ಅಮೃತ ಎನ್ನುವವರೂ ವಿಷ ಎನ್ನುವವರೂ ಟೀವಿಯಲ್ಲಿ ಗಂಟಲು ಹರಿದುಕೊಳ್ಳುತ್ತಾರೆ. ಕೇಳಿ ಕೇಳಿ ನನಗಂತೂ ತಲೆ ಚಿಟ್ಟು ಹಿಡಿದಿದೆ. ಇವರಿಬ್ಬರ ನಡುವೆ ಒಂದು ನಿಯಮವಿದೆ. ಪರೀಕ್ಷೆಗಳೆಲ್ಲ ಮುಗಿದು ಒಪ್ಪಿಗೆ ಸಿಗುವ ತನಕ ಈ ಬೇಲಿಯಿಂದ ಒಂದು ಕಾಳೂ ಹೊರಗೆ ಹೋಗಕೂಡದು. ನಿಯಮ ಬರೆದವರು ಫ್ಯಾನಿನ ಕೆಳಗಿದ್ದಾರೆ. ಅದನ್ನು ಕಾಯುವವರು ಇಲ್ಲಿ ಇಬ್ಬನಿಯಲ್ಲಿ ನೆನೆಯುತ್ತಿದ್ದಾರೆ.

ಒಮ್ಮೆ ಮಾತ್ರ ಕಾಳು ಹೊರಗೆ ಹೋಯಿತು, ಅದೂ ಜುಟ್ಟಕ್ಕನ ಮನೆಗೇ. ಎರಡು ಬೆಳೆಯ ಹಿಂದೆ ಬಿತ್ತನೆಯ ಸಮಯ. ಕೆಲಸದ ಬಟ್ಟೆಯನ್ನು ಗೇಟಿನಲ್ಲೇ ಬಿಚ್ಚಿಡಬೇಕು. ಬೆವರು ನಾರುತ್ತದೆಂದು ಜುಟ್ಟಕ್ಕ ತಲೆಬಟ್ಟೆಯೊಂದನ್ನು ಒಗೆಯಲು ಮನೆಗೊಯ್ದರು. ಕೆಲವು ವಾರ ಕಳೆದ ಮೇಲೆ ಅಡುಗೆಮನೆಯ ಹಿಂದೆ, ಅತ್ತೆಯ ಪುದೀನ ಡಬ್ಬಿಗಳ ಸಾಲಿನಲ್ಲಿ, ಒಂದು ಜೋಳದ ಗಿಡ ತಲೆಯೆತ್ತಿತು. ಹಿತ್ತಲಿಗೆ ಅಂಟಿಕೊಂಡೇ ಜುಟ್ಟಕ್ಕನ ತಂಗಿಯ ಹೊಲವಿದೆ, ಅಲ್ಲಿ ಬೆಳೆಯುವುದೂ ಜೋಳವೇ, ಆದರೆ ಸಾದಾ ಜೋಳ. ಅಲ್ಲಿಂದ ಬಂದಿದ್ದಿರಬೇಕೆಂದು ಜುಟ್ಟಕ್ಕ ಸುಮ್ಮನಿದ್ದರು. ಜುಟ್ಟು ಇಣುಕಿದ ದಿನ ಮಾತಿನ ನಡುವೆ ಅತ್ತೆಯನ್ನು ಕೇಳಿದರು.

“ನಿನ್ನ ತಲೆಬಟ್ಟೆ ಮಡಿಕೇಲಿತ್ತು ಕಣೇ. ಕಾಳನ್ನ ಬಿಸಾಕೋಕಾಗತ್ತಾ? ಮಣ್ಣಿಗೆ ಹಾಕ್ದೆ,” ಎಂದರು ಅತ್ತೆ.

ಜುಟ್ಟಕ್ಕನಿಗೆ ಮೊದಲು ನೆನಪಾದದ್ದು ಪಕ್ಕದ ಹೊಲ. ತಂಗಿಯ ಜೋಳವನ್ನು ಕೊಳ್ಳುವುದು ಎಳೆಮಕ್ಕಳ ಹಿಟ್ಟು ಮಾಡುವ ಗಿರಣಿ. ಕುಲಾಂತರಿ ಬೆರೆತಿದೆ ಎಂದರೆ ಮೂಸಿಯೂ ನೋಡುವುದಿಲ್ಲ. ಕಿತ್ತು ಒಲೆಗೆ ಹಾಕಿ ಬಾಯಿ ಮುಚ್ಚಿಕೊಂಡಿರು ಎಂದು ಗಂಡ ಬುದ್ಧಿ ಹೇಳಿದರು. ಹೇಳಿದರೆ ಕೆಲಸ ಹೋಗುವುದು ಖಂಡಿತ, ತಂಗಿಯ ಬೆಳೆಯೂ ಹೋದೀತು. ಹೇಳದಿದ್ದರೆ ಕೇಳುವವರೇ ಇಲ್ಲ.

“ಗಿಡದ ಜುಟ್ಟು ಅರಳಿರಲಿಲ್ಲ. ಕಿತ್ರೆ ನಂದು ಮುಗೀತಿತ್ತು,” ಎನ್ನುತ್ತಾರೆ ಜುಟ್ಟಕ್ಕ. “ಆದ್ರೆ ನನ್ನ ಬಟ್ಟೇಲಿ ಒಂದು ಬಂದ್ಮೇಲೆ ಬೇರೆಯವರ ಬಟ್ಟೇಲೂ ಬಂದಿರಲ್ವಾ? ಅದನ್ನ ಯಾರು ಹುಡುಕ್ತಾರೆ?”

ಗಿಡಕ್ಕೆ ಗೋಣಿಚೀಲ ಮುಚ್ಚಿ ನೇರವಾಗಿ ಮೇಲ್ವಿಚಾರಕರ ಬಳಿ ಹೋದರು. ಪರಿಶೀಲನೆಯವರು ಬಂದು ಕೆಲಸದವರೆಲ್ಲರ ಹಿತ್ತಲು ಜಾಲಾಡಿದರು. ಜುಟ್ಟಕ್ಕನ ಊಹೆ ಸುಳ್ಳಾಗಲಿಲ್ಲ. ಪಕ್ಕದ ಮನೆಯ ಜೊತೆಗಾತಿಯ ಬಚ್ಚಲ ಹಿಂದೆ ಇನ್ನೊಂದು ಗಿಡ ಸಿಕ್ಕಿತು, ಅದರ ಜುಟ್ಟು ಅರಳಿ ಪುಡಿ ಉದುರಿ ಆಗಿತ್ತು. ತಂಗಿಯ ಬೆಳೆಯನ್ನು ಪರೀಕ್ಷೆ ಆಗುವವರೆಗೆ ಮಾರುವಂತಿಲ್ಲ ಎಂದರು. ಜುಟ್ಟಕ್ಕನನ್ನು ಒಂದು ಬೆಳೆ ಪೂರ್ತಿ ಮನೆಯಲ್ಲಿ ಕೂರಿಸಿದರು. ಜೊತೆಗಾತಿ ಮುಖ ತಿರುಗಿಸಿದರು. ಒಡಹುಟ್ಟಿದ ತಂಗಿಯೂ ಮಾತು ಬಿಟ್ಟರು. ಕೆಲಸ ಹೋದದ್ದಕ್ಕಿಂತ ಅದೇ ಹೆಚ್ಚು ಸುಟ್ಟಿತು ಎನ್ನುವಾಗ ಜುಟ್ಟಕ್ಕನ ಕಣ್ಣು ತುಂಬಿ ಬರುತ್ತದೆ.

ಮುಂದಿನ ಬೆಳೆಗೆ ಅದೇ ಮೇಲ್ವಿಚಾರಕರು ಮನೆಗೆ ಬಂದು ಕರೆದರು. ಕೀಳುವವರು ಬೇಕಾದಷ್ಟು ಸಿಗುತ್ತಾರೆ, ತಪ್ಪಾಯಿತೆಂದು ತಾವಾಗಿ ಬಂದು ಹೇಳುವವರು ಸಿಗುವುದಿಲ್ಲ ಎಂದರಂತೆ. ಈಗ ಗೇಟಿನ ಪಕ್ಕದಲ್ಲೇ ಒಗೆಯುವ ಕಲ್ಲು, ನಲ್ಲಿ ಎರಡೂ ಬಂದಿವೆ. ಇಷ್ಟಾದರೂ ಅತ್ತೆಗೆ ಸಮಾಧಾನವಿಲ್ಲ. ಸೊಸೆಯನ್ನು ಬಾಗಿಲಲ್ಲೇ ನಿಲ್ಲಿಸಿ, ಸೆರಗು ಒದರಿಸಿ, ಆಮೇಲೆ ಒಳಗೆ ಬಿಡುತ್ತಾರೆ. ಇಂಥ ಪರಿಶೀಲನಾಧಿಕಾರಿ ಯಾವ ಸರ್ಕಾರಕ್ಕೆ ಸಿಕ್ಕಾರು!

ತಂಗಿಯ ಬೆಳೆಯ ಪರೀಕ್ಷೆ ಏನಾಯಿತು? ಜೊತೆಗಾತಿಯ ಬಚ್ಚಲ ಕಡೆಯ ಕೆಲವು ಸಾಲುಗಳಲ್ಲಿ ಬೆರಕೆ ಸಿಕ್ಕಿತು. ಅಷ್ಟನ್ನು ಸುಟ್ಟರು, ಉಳಿದದ್ದು ಗಿರಣಿಗೆ ಹೋಯಿತು. ಆ ಸಂಜೆ ತಂಗಿ ಬಂದು ಜುಟ್ಟಕ್ಕನ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತರಂತೆ. ತಂಗಿಯ ಮಗಳು ತನ್ನ ಎಳೆಗೂಸಿಗೆ ಕಲಸಿ ತಿನ್ನಿಸುವುದೂ ಅದೇ ಗಿರಣಿಯ ಹಿಟ್ಟನ್ನೇ. ತಂಗಿ ಹೇಳಿದ್ದು ಒಂದೇ ಮಾತು.

“ಅಕ್ಕಾ, ನೀನು ಸುಮ್ನಿದ್ದಿದ್ರೆ ಆ ಸಾಲಿನ ಜೋಳಾನೂ ನಾನೇ ಕೈಯಾರೆ ಗಿರಣಿಗೆ ತೂಗಿ ಕೊಟ್ಟಿರ್ತಿದ್ದೆ.”

ನಾಳೆ ಈ ಜೋಳಕ್ಕೆ ಒಪ್ಪಿಗೆ ಸಿಕ್ಕರೆ ನೀವು ತಿನ್ನುತ್ತೀರಾ ಎಂದು ಕೇಳಿದೆ. ಜುಟ್ಟಕ್ಕ ತಲೆಬಟ್ಟೆ ಬಿಚ್ಚಿ, ಕೊಡವಿ, ಗೇಟಿನ ಮೊಳೆಗೆ ನೇತುಹಾಕಿದರು.

“ತಿನ್ನೋದು ಬಿಡೋದು ಆಗ ನೋಡೋಣ. ಯಾರೇ ತಿಂದ್ರೂ ಗೊತ್ತಿದ್ದು ತಿನ್ಲಿ. ಗೊತ್ತಿಲ್ದೆ ಒಂದು ಮಗು ಬಾಯಿಗೂ ನನ್ನ ಕೈಯಿಂದ ಬೀಳಲಿಲ್ಲ, ನನಗಷ್ಟು ಸಾಕು.”