ಮುದ್ದೆ ಚಾನೆಲ್ಲಿನ ಆವಲಪ್ಪ

ಚಿಂತಾಮಣಿಯಲ್ಲಿ ಕೇಬಲ್ ಆವಲಪ್ಪನನ್ನು ಅರಿಯದ ಮನೆಯಿರಲಿಲ್ಲ. ಅರ್ಧ ಊರಿನ ಟೀವಿಗೆ ಅವನೇ ಕಂಬ ಹತ್ತಿ ತಂತಿ ಎಳೆದಿದ್ದ. ಮೇಲಿಂದ ಅವನು "ಬಂತಾ?" ಅನ್ನುವುದು, ಮನೆಯೊಳಗಿಂದ "ಬಂತು" ಅಂತ ಉತ್ತರ ಬರುವುದು ಸುಮಾರು ಮೂವತ್ತು ವರ್ಷ ನಡೆಯಿತು. ಹೋದ ಕಾರ್ತೀಕದಲ್ಲಿ ಅವನು ತೀರಿಕೊಂಡ. ಅವನ ಬಗ್ಗೆ ಬರೆಯಲು ಕೂತರೆ ಅಳುವಂಥದ್ದಕ್ಕಿಂತ ನಗುವಂಥದ್ದೇ ಹೆಚ್ಚು ನೆನಪಾಗುತ್ತದೆ. ಅದೂ ಅವನದೇ ತಪ್ಪು.

ಅವನಿಗೊಂದು ಲೋಕಲ್ ಚಾನೆಲ್ ಇತ್ತು. ಸಂಜೆ ಏಳಕ್ಕೆ ವಾರ್ತೆ: ಟೊಮೆಟೊ ರೇಟು, ನಾಳೆ ಯಾವ ವಾರ್ಡಿಗೆ ನೀರು, ತಪ್ಪಿಸಿಕೊಂಡ ಎಮ್ಮೆ, ಹುಟ್ಟುಹಬ್ಬದ ಶುಭಾಶಯ. ಗುರುತಿಗೆ ಅಂಬಾಜಿದುರ್ಗದ ಬೆಟ್ಟವಿರಲಿ ಅಂತ ಬೋರ್ಡ್ ಬರೆಯುವವನಿಂದ ಚಿತ್ರ ಮಾಡಿಸಿದ. ಬಂದದ್ದು ಮಾತ್ರ ಥೇಟ್ ತಟ್ಟೆಯಲ್ಲಿಟ್ಟ ರಾಗಿಮುದ್ದೆ. ಊರು ಮುದ್ದೆ ಚಾನೆಲ್ ಅಂತಲೇ ಕರೆಯಿತು. ಆವಲಪ್ಪ ಎಂಟು ದಿನ ಮುನಿಸಿಕೊಂಡಿದ್ದ.

ಆ ವರ್ಷವೇ ಒಂದು ಲಾರಿ ಅಪಘಾತವನ್ನು ಇದ್ದದ್ದು ಇದ್ದ ಹಾಗೆ ತೋರಿಸಿಬಿಟ್ಟ. ಮನೆಗೆ ಹೋದರೆ ಹೆಂಡತಿ ಶ್ಯಾಮಲಮ್ಮ ತಟ್ಟೆ ಸರಿಸಿ ಕೂತಿದ್ದಳು.

"ನಿಮ್ಮ ವಾರ್ತೆ ನೋಡ್ಕೊಂಡು ಮುದ್ದೆ ಇಳೀತಾ ಇಲ್ಲ" ಅಂದಳು. "ಅಗಿಯೋ ಊಟ ಆದ್ರೆ ಹೆಂಗೋ ಅಗಿಯಬಹುದು. ಇದನ್ನ ನುಂಗಬೇಕು."

ಅಂದಿನಿಂದ ಯಾವ ವಿಡಿಯೊ ಬಂದರೂ ಅವನದು ಒಂದೇ ಪ್ರಶ್ನೆ: "ಮುದ್ದೆ ಇಳೀತದಾ?" ವಾರ್ತೆ ಓದುವುದು, ವಿಡಿಯೊ ಜೋಡಿಸುವುದು ಎರಡನ್ನೂ ನೋಡಿಕೊಳ್ಳುತ್ತಿದ್ದ ಕಲ್ಯಾಣಿ ಇಳಿಯುತ್ತೆ ಅಂದರೆ ಹಾಕುವುದು, ಇಲ್ಲ ಅಂದರೆ ಬಿಡುವುದು. ಇಷ್ಟೇ ಅವನ ಕಾಯಿದೆ.

ಅವನಿಗೊಂದು ಆಸೆಯಿತ್ತು. ರಾಜ್ಯವೆಲ್ಲ ನೋಡುವ ದೊಡ್ಡ ಚಾನೆಲ್ಲಿನ ಮೂಲೆಯಲ್ಲಿ ಒಂದೇ ಒಂದು ಸಲ ತನ್ನ ಬೆಟ್ಟ ಕಾಣಬೇಕು, ಪಕ್ಕದಲ್ಲಿ 'ಕೃಪೆ' ಅಂತ ಬರಬೇಕು.

ಶುಭಾಶಯದ ವಿಡಿಯೊಗಳನ್ನು ಜನ ಪೆನ್‌ಡ್ರೈವಿಗೆ ಹಾಕಿ, ಚೀಟಿ ಸುತ್ತಿ, ಬಸ್ಸಿನ ಡ್ರೈವರ್ ಕೈಲಿ ಕಳಿಸುತ್ತಿದ್ದರು. ಚೀಟಿ ಆವಲಪ್ಪನೇ ಅಚ್ಚು ಹಾಕಿಸಿದ್ದು: ಕಳಿಸಿದವರು, ಸಂದರ್ಭ, ಎಷ್ಟು ಗಂಟೆಗೆ, ಎಷ್ಟು ಸಲ.

ಒಂದು ಮಂಗಳವಾರ ಗೌರಿಬಿದನೂರು ಬಳಿಯ ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ, ಕೆಲಸ ಕಳೆದುಕೊಂಡವನೊಬ್ಬ ಊಟದ ಹೊತ್ತಿಗೆ ಒಳಗೆ ನುಗ್ಗಿ ನಾಲ್ವರನ್ನು ಕೊಂದು ತಾನೂ ಸತ್ತ. ಅವನ ಹೆಸರು ಇಲ್ಲಿ ಬೇಡ. ಸತ್ತವರಲ್ಲಿ ಒಬ್ಬ ಜಗನ್, ಚಿಂತಾಮಣಿಯ ಮಂಗಮ್ಮನ ಮಗ. ಮಂಗಮ್ಮ ಹೂವು ಕಟ್ಟುವವಳು, ಮುದ್ದೆ ಚಾನೆಲ್ ಒಂದು ದಿನವೂ ತಪ್ಪಿಸದವಳು. ಓದು ಬರಹ ಬಾರದ ಅವಳಿಗೆ ಲೋಕವೆಲ್ಲ ಆ ಟೀವಿಯಿಂದಲೇ.

ಮೂರು ಗಂಟೆಯ ಬಸ್ಸಿನಲ್ಲಿ ಬಂದ ಪೆನ್‌ಡ್ರೈವುಗಳಲ್ಲಿ ಒಂದನ್ನು ತೆರೆದ ಕಲ್ಯಾಣಿ ಅರ್ಧಕ್ಕೇ ನಿಲ್ಲಿಸಿ ಎದ್ದುಬಂದಳು. ಕೊಂದವನು ಬೆಳಿಗ್ಗೆಯೇ ಗೌರಿಬಿದನೂರಿನಲ್ಲಿ ಡ್ರೈವರ್ ಕೈಗೆ ಕೊಟ್ಟದ್ದು ಅದು. ಚೀಟಿಯಲ್ಲಿ ದುಂಡಗೆ ಬರೆದಿತ್ತು. ಸಂದರ್ಭ: ನೋಡಿದರೆ ತಿಳಿಯುತ್ತದೆ. ಎಷ್ಟು ಗಂಟೆಗೆ: ಏಳಕ್ಕೆ. ಎಷ್ಟು ಸಲ: ಮೂರು.

ಆವಲಪ್ಪ ಒಂದು ನಿಮಿಷ ನೋಡಿದ. ಕೊಂದವನು ತಲೆ ಬಾಚಿ, ಇಸ್ತ್ರಿ ಅಂಗಿ ಹಾಕಿ, ಮದುವೆಗೆ ಹರಸುವವನಂತೆ ಕೂತಿದ್ದ. ಯಾರ‍್ಯಾರನ್ನು ಕೊಲ್ಲುತ್ತೇನೆ ಅಂತ ಹೆಸರು ಹೇಳಿದ. ಜಗನ್ ಹೆಸರು ಹೇಳಿ ನಕ್ಕ. ಆವಲಪ್ಪ ನಿಲ್ಲಿಸಿದ.

ಸ್ಟೇಷನ್ನಿಗೆ ಫೋನ್ ಮಾಡಿದರೆ, ಅರ್ಧ ಗಂಟೆಯಲ್ಲಿ ಬರುತ್ತೇವೆ ಅಂದರು. ಅವರಿಗಿಂತ ಮೊದಲು ಮೋಹನ್‌ಬಾಬು ಬಂದ. ಹಿಂದೆ ಆವಲಪ್ಪನ ಜೊತೆ ಕಂಬ ಹತ್ತಿದವನು, ಈಗ ದೊಡ್ಡ ಚಾನೆಲ್ಲಿಗೆ ಜಿಲ್ಲಾ ವರದಿಗಾರ. ಕೊಲೆಗಾರ ವಿಡಿಯೊ ಕಳಿಸಿದ್ದಾನೆ ಅನ್ನುವ ಸುದ್ದಿ ಅವನಿಗೆ ಮುಟ್ಟಿತ್ತು.

"ಒಂದು ಕಾಪಿ ಕೊಡೋ. ನಿನ್ನ ಬೆಟ್ಟ ರಾತ್ರಿಯೆಲ್ಲ ಮೂಲೇಲಿರತ್ತೆ. ಕೃಪೆ ಅಂತಾನೂ ಹಾಕಿಸ್ತೀನಿ."

ಆವಲಪ್ಪ ಎದ್ದು ನೀರು ಕುಡಿದ. ಗೋಡೆಯ ಮೇಲಿನ ಬೆಟ್ಟ ನೋಡಿದ. ಮತ್ತೆ ನೀರು ಕುಡಿದ.

"ಬೆಟ್ಟ ಅಂತಿದೀಯಲ್ಲ, ನಿಮ್ಮೋರಿಗೆ ಮುದ್ದೆ ಥರ ಕಾಣಲ್ವಾ?"

"ಬೆಂಗಳೂರಿನೋರು, ಕೇಕ್ ಅಂದ್ಕೋತಾರೆ."

ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಆವಲಪ್ಪ ಚೀಟಿಯನ್ನು ಅವನ ಮುಂದಿಟ್ಟ.

"ನೋಡು, ಎಷ್ಟು ಸಲ ಅಂತಾನೂ ಬರೆದವನೆ. ಕೊಂದಿದ್ದು ಅವನು. ಮಿಕ್ಕ ಕೆಲಸ ನಮ್ಮ ಕೈಲಿ ಮಾಡಿಸ್ಕೊಳ್ತಾ ಅವನೆ. ಅವನ ಕೂಲಿ ಆಳಾ ನಾವು?"

"ನೀನು ಹಾಕಿಲ್ಲಾಂದ್ರೂ ನಾಳೆ ಎಲ್ಲರ ಮೊಬೈಲಲ್ಲೂ ಇರತ್ತೆ ಕಣೋ."

"ಬೀದೀಲಿ ಕೊಳಚೆ ಹರೀತದೆ ಅಂತ ಮನೆ ಬಿಂದಿಗೆಗೆ ತುಂಬ್ಕೊಳ್ಳಕ್ಕಾಗ್ತದಾ? ಮಂಗಮ್ಮನ ಮನೇಲಿ ಟೀವಿ ಹತ್ತಿರ್ತದೆ. ಮಗನ ಹೆಸರು ಅವನ ಬಾಯಲ್ಲಿ ಕೇಳಬೇಕಾ ಅವಳು?"

ಪೊಲೀಸರು ಪೆನ್‌ಡ್ರೈವನ್ನೂ ಚೀಟಿಯನ್ನೂ ಒಯ್ದರು. ಏಳಕ್ಕೆ ಕಲ್ಯಾಣಿ ನಾಲ್ವರ ಹೆಸರು, ಊರು ಓದಿದಳು. ದೇಹಗಳು ಎಷ್ಟು ಹೊತ್ತಿಗೆ ಬರುತ್ತವೆ ಅಂತ ಹೇಳಿದಳು. "ಕೊಂದವನ ವಿಡಿಯೊ ನಮಗೂ ಬಂದಿತ್ತು. ಪೊಲೀಸರಿಗೆ ಕೊಟ್ಟಿದ್ದೇವೆ. ನಾವು ತೋರಿಸುವುದಿಲ್ಲ" ಅಂದಳು. ಆಮೇಲೆ ಟೊಮೆಟೊ ರೇಟು.

ಏಳೂವರೆಗೆ ಮೋಹನ್‌ಬಾಬುವಿನ ಫೋನ್. "ಆವಲ, ನಮ್ಮೋರಿಗೆ ಬೇರೆ ಕಡೆಯಿಂದ ಸಿಕ್ಕಿದೆ. ಎಂಟಕ್ಕೆ ಹಾಕ್ತಾರೆ. ಆಯಮ್ಮನ ಮನೆ ಟೀವಿ ಆರಿಸಕ್ಕೆ ಹೇಳೋ."

ಯಾರಿಗೆ ಹೇಳುವುದು? ಮನೆ ತುಂಬ ನೆಂಟರು, ಏನು ಸುದ್ದಿ ಬರುತ್ತೋ ಅಂತ ಟೀವಿಗೇ ಕಣ್ಣು ನೆಟ್ಟು ಕೂತಿದ್ದರು. ಆವಲಪ್ಪ ಏಣಿ ತೆಗೆದ. ಮಂಡಿ ನೋವಿಗೆ ಕಂಬ ಹತ್ತಬಾರದು ಅಂತ ಶ್ಯಾಮಲಮ್ಮ ಆಣೆ ಹಾಕಿಸಿ ಎರಡು ವರ್ಷವಾಗಿತ್ತು. ಎಂಟಕ್ಕೆ ಐದು ನಿಮಿಷವಿದ್ದಾಗ ಮಂಗಮ್ಮನ ಬೀದಿಯ ಕಂಬದ ಮೇಲಿದ್ದ. ತಂತಿ ಕಳಚಿದ. ಇಡೀ ಬೀದಿಯ ಟೀವಿ ಮಂಜಾಯಿತು.

ಎದುರು ಮನೆಯ ರಮೇಶ್‌ಬಾಬು, ಬ್ಯಾಂಕಿನ ಕೆಲಸದವನು, ಮೊಬೈಲಿನಲ್ಲಿ ಚಿತ್ರೀಕರಿಸುತ್ತಲೇ ಹೊರಬಂದ. "ಏನ್ರೀ ಇದು? ನೋಡೋದು ಬಿಡೋದು ನಮ್ಮಿಷ್ಟ. ನೀವ್ಯಾರು ತಡೆಯಕ್ಕೆ? ಯಾವಾಗ ಬರತ್ತೆ?"

"ಬರಲ್ಲ ಕಣಪ್ಪ, ಇವತ್ತು ಬರಲ್ಲ. ಹೋಗು, ಮುದ್ದೆ ತಿನ್ನು."

"ಕಂಪ್ಲೇಂಟ್ ಕೊಡ್ತೀನಿ."

"ಕೊಡು. ನೀನು ಹೇಳ್ತಿರೋದು ನ್ಯಾಯವೇ. ಬರ್ಕೊಡು, ನಾಳೆ ವಾರ್ತೇಲಿ ನಾನೇ ಓದ್ತೀನಿ."

ಮರುದಿನ ಓದಿದ. ಎಂದೂ ಕ್ಯಾಮೆರಾ ಮುಂದೆ ಬಾರದವನು ಅವತ್ತೂ ಬರಲಿಲ್ಲ. ಪರದೆಯ ಮೇಲೆ ಬೆಟ್ಟ, ಹಿಂದಿನಿಂದ ಅವನ ದನಿ. ಆವಲಪ್ಪ ಎಂಬ ಕೇಬಲ್‌ನವನು ಯಾರ ಅಪ್ಪಣೆಯೂ ಇಲ್ಲದೆ ಒಂದು ಬೀದಿಯ ತಂತಿ ಕಳಚಿದ್ದಾನೆ, ಇದು ತಪ್ಪು ಅಂತ ತನ್ನ ಮೇಲಿನ ದೂರನ್ನೇ ಒಂದಕ್ಷರ ಬಿಡದೆ ಒಪ್ಪಿಸಿದ. ಕೇಳಿದ ಮೇಲೆ ರಮೇಶ್‌ಬಾಬು ಮತ್ತೆ ಆ ವಿಷಯ ಎತ್ತಲಿಲ್ಲ. ಶ್ಯಾಮಲಮ್ಮ ಮಾತ್ರ ಕಂಬ ಹತ್ತಿದ್ದಕ್ಕೆ ತಿಂಗಳುಗಟ್ಟಲೆ ಎತ್ತಿ ಆಡಿದಳು.

ಅವನು ತೀರಿಕೊಂಡ ದಿನ ಕಲ್ಯಾಣಿಗೆ ಪೇಚಾಟ. ಊರವರ ಮುಖವನ್ನೆಲ್ಲ ತೋರಿಸಿದವನದು ತೋರಿಸಲು ಒಂದು ವಿಡಿಯೊ ಇಲ್ಲ. ಆಗ ರಮೇಶ್‌ಬಾಬು ಮೊಬೈಲ್ ಹಿಡಿದು ಬಂದ, ಹಿಂದೆಯೇ ಮಂಗಮ್ಮ, ತಾನೇ ಕಟ್ಟಿದ ಹಾರ ಹಿಡಿದು. ಕಲ್ಯಾಣಿ ಅಭ್ಯಾಸಬಲದಿಂದ ಚೀಟಿ ತುಂಬಲು ಕೂತಳು. ಎಷ್ಟು ಸಲ ಅನ್ನುವಲ್ಲಿ ಪೆನ್ನು ನಿಂತಿತು.

"ಎಷ್ಟು ಸಲ ಹಾಕಲಿ, ಮಂಗಮ್ಮಕ್ಕ?"

"ಒಕ ಸಾರಿ ಚಾಲು ತಲ್ಲಿ, ಒಂದೇ ಸಲ ಸಾಕು. ಆಮೇಲೆ ಟೊಮೆಟೊ ರೇಟ್ ಹೇಳಮ್ಮ. ಇಲ್ಲಾಂದ್ರೆ ಅಲ್ಲಿಂದಾನೇ ಬಯ್ತಾನೆ."

ಅಂದು ಸಂಜೆ ಏಳಕ್ಕೆ ಊರು ತಟ್ಟೆಯ ಮುಂದೆ ಕೂತು ನೋಡಿತು. ಏಣಿಯ ತುದಿಯಲ್ಲಿ ಒಂದು ಕಾಲು ಕಂಬಕ್ಕೆ ಕೊಟ್ಟು, ಹಲ್ಲಲ್ಲಿ ತಂತಿ ಕಚ್ಚಿಕೊಂಡ ಆವಲಪ್ಪ, ತಂತಿ ತೆಗೆದು, ಕೆಳಗೆ ನೋಡಿ ಹೇಳುತ್ತಿದ್ದ: "ಬರಲ್ಲ ಕಣಪ್ಪ, ಇವತ್ತು ಬರಲ್ಲ. ಹೋಗು, ಮುದ್ದೆ ತಿನ್ನು."