ಬಾವಿಯ ಜಿಲೇಬಿ ಮೀನುಗಳು

ನಾನು ಚಿಕ್ಕವನಿದ್ದಾಗ ಅವಲಪಲ್ಲಿಯ ನಮ್ಮ ಹೊಲದ ಬಾವಿಯಲ್ಲಿದ್ದ ಮೀನುಗಳಿಗೆಲ್ಲ ನಾನೇ ಒಡೆಯ. ಕೆರೆಯಿಂದ ಒಂದು ಚೊಂಬಿನಲ್ಲಿ ಏಳು ಜಿಲೇಬಿ ಮೀನಿನ ಮರಿಗಳನ್ನು ತಂದು ಬಾವಿಗೆ ಬಿಟ್ಟಿದ್ದೆ. ಏಳೋ ಒಂಬತ್ತೋ, ಹೇಳುತ್ತಾ ಹೇಳುತ್ತಾ ಏಳೇ ಆಗಿಬಿಟ್ಟಿದೆ. ಬಾವಿಗೆ ಮೀನು ಬಿಟ್ಟವರು ಒಪ್ಪದೆ ಅದರಲ್ಲಿ ಯಾರೂ ಬಲೆ ಹಾಕಬಾರದು ಎಂಬುದು ನಮ್ಮ ಮನೆತನದ ರೂಢಿ. ಬಿಟ್ಟವನು ಪುಟ್ಟ ಹುಡುಗನಾದರೂ ಅಷ್ಟೇ.

ಎರಡು ವರ್ಷದಲ್ಲಿ ಬಾವಿಯ ತುಂಬ ಮೀನು. ಶಾಲೆಯಿಂದ ಬಂದು ರಾಗಿಮುದ್ದೆಯ ಚೂರು ಎಸೆದರೆ ಹಸಿರು ನೀರು ಕುದಿಯುವಂತೆ ಕಾಣುತ್ತಿತ್ತು. ಪಾಚಿಯ ವಾಸನೆ, ಕಲ್ಲುಸಂದಿಯಲ್ಲಿ ಪಾರಿವಾಳಗಳ ಗುಟುರು, ಅಂಗಾಲಿಗೆ ತಣ್ಣನೆಯ ಚಪ್ಪಡಿ. ಅಪ್ಪ ಕೇಳಿದಾಗಲೆಲ್ಲ ಬಲೆ ಬೇಡ ಎನ್ನುತ್ತಿದ್ದೆ. ಇನ್ನೂ ಹೆಚ್ಚಲಿ ಎಂಬ ಆಸೆ.

ಬೇಸಿಗೆಯ ಒಂದು ಬೆಳಿಗ್ಗೆ ಅಪ್ಪ ನನ್ನನ್ನು ಬಾವಿಗೆ ಕರೆದೊಯ್ದರು. ಅಕ್ಕನೂ ಬಂದಳು. ಮಳೆಗಾಲದಲ್ಲಿ ಕೈಗೆಟುಕುತ್ತಿದ್ದ ನೀರು ತಳ ಸೇರಿತ್ತು. ಮೀನುಗಳೆಲ್ಲ ಬಾಯಿ ಮೇಲೆತ್ತಿ ಗಾಳಿಗೆ ಒದ್ದಾಡುತ್ತಿದ್ದವು. ಕೆಲವು ಸತ್ತು ತೇಲುತ್ತಿದ್ದವು. ಅಪ್ಪ ಮೆಟ್ಟಿಲಿಳಿದು ಒಂದನ್ನೆತ್ತಿ ತಂದು ನನ್ನ ಅಂಗೈಗಿಟ್ಟರು. ದೊಡ್ಡ ತಲೆ, ಕಡ್ಡಿಯಂಥ ಮೈ.

“ಮರಿನಾ ಇದು?” ಎಂದೆ.

“ಮರಿ ಅಲ್ಲ ಕಣ್ಲಾ, ಇದಕ್ಕೂ ವರ್ಸ ತುಂಬೈತೆ. ಹೊಟ್ಟೆಗಿಲ್ದೆ ಹಿಂಗಾಗೈತೆ. ಮೀನು ಹೆಚ್ತಾವೆ, ಬಾವಿ ಹೆಚ್ತದಾ?”

“ನಾನು ದಿನಾ ಮುದ್ದೆ ಹಾಕ್ತೀನಲ್ಲ?”

“ಸಾವ್ಕಾರ ಇವ್ನು,” ಎಂದು ಅಕ್ಕ ನಕ್ಕಳು. “ಒಂದು ಚೂರು ಮುದ್ದೆಗೆ ಊರ್ನೆಲ್ಲಾ ಊಟಕ್ಕೆ ಕರ್ದವ್ನೆ.”

ನನಗೆ ನಗು ಬರಲಿಲ್ಲ. ಅಪ್ಪನ ಹೆಗಲ ಮೇಲೆ ಬಲೆಯಿತ್ತು. ಆದರೂ ಕಾದರು.

“ಇನ್ನೆರಡು ದಿನ ಹಿಂಗೇ ಬುಟ್ರೆ ಒಂದೂ ಉಳಿಯಾಕಿಲ್ಲ. ನೀನೇ ಹೇಳು.”

“ಕೆರೆಗೆ ಬುಡಾನ.”

“ಕೆರೆ ಒಣಗಿ ಬಿರುಕು ಬುಟ್ಟೈತೆ ಕಣ್ಲಾ,” ಎಂದಳು ಅಕ್ಕ, ಈ ಸಲ ಮೆತ್ತಗೆ.

ಕೊನೆಗೆ ಹೂಂ ಎಂದೆ. ಬಾಯಿಬಿಟ್ಟು ಹೇಳಿದೆನೋ, ಬರೀ ತಲೆಯಾಡಿಸಿದೆನೋ, ಈಗ ಖಚಿತವಿಲ್ಲ. ಅಪ್ಪ ಬಲೆ ಇಳಿಸಿದರು. ಹತ್ತು ಮೀನುಗಳನ್ನು ಮಾತ್ರ ಉಳಿಸಬೇಕು, ಆರಿಸುವವನು ನಾನೇ ಎಂದರು. ಒದ್ದೆ ಬಲೆಯ ಮುಂದೆ ಕುಳಿತು ಒಂದೊಂದನ್ನೇ ಎತ್ತಿ ಬಾವಿಗೆ ಬಿಡುವಾಗ ಉಳಿದವನ್ನು ನೋಡಲು ನನ್ನಿಂದಾಗಲಿಲ್ಲ. ಅವು ಕೇರಿಯ ಮನೆಮನೆಗೂ ಹೋದವು. ಅಂದಿನ ಸಾರನ್ನು ನಾನು ಮುಟ್ಟಲಿಲ್ಲ. ಎರಡು ಸಲ ಬಡಿಸಿಕೊಂಡೆ ಎಂದು ಅಕ್ಕ ಇವತ್ತಿಗೂ ಹೇಳುತ್ತಾಳೆ. ಮಳೆಗಾಲ ಮುಗಿಯುವಷ್ಟರಲ್ಲಿ ಆ ಹತ್ತೂ ಅಪ್ಪನ ಅಂಗೈಯಗಲ ಬೆಳೆದಿದ್ದವು.

ಮೊಮ್ಮಕ್ಕಳೇ, ಆ ಬಾವಿಯನ್ನು ಮುಚ್ಚಿ ಮನೆಗಳನ್ನು ಕಟ್ಟಿದ್ದಾರೆ. ಅಲ್ಲಿಗೆ ಹೋದರೆ ಅದು ಎಲ್ಲಿತ್ತೆಂದು ತೋರಿಸಲೂ ನನಗೆ ಬರುವುದಿಲ್ಲ. ಆಲಸನತ್ತಂನ ನಿಮ್ಮ ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು, ಬರದಿದ್ದರೆ ಟ್ಯಾಂಕರ್. ಕಟ್ಟಡಕ್ಕೆ ಹೊಸ ಸಂಸಾರಗಳು ಬರುತ್ತಲೇ ಇವೆ. ನಿಮಗೆ ಆಟಕ್ಕೆ ಜೊತೆ ಸಿಕ್ಕಿತೆಂದು ನನಗೂ ಖುಷಿ. ಜನರನ್ನು ಮೀನಿಗೆ ಹೋಲಿಸುವುದು ಸರಿಯಲ್ಲ. ಜನ ಯೋಚಿಸಬಲ್ಲರು, ಹಂಚಿಕೊಳ್ಳಬಲ್ಲರು. ಆದರೆ ಮೊನ್ನೆ ನಿಮ್ಮಲ್ಲೊಬ್ಬಳು, “ತಾತ, ನಮ್ಮ ಬೋರ್‌ನಲ್ಲಿ ಇನ್ನೂ ಎಷ್ಟು ನೀರೈತೆ?” ಎಂದಾಗ ಮುಚ್ಚಳ ಬಿಗಿದ ಅದರ ಕೊಳವೆಯತ್ತ ನೋಡಿದೆ. ಅವಳ ವಯಸ್ಸಿನಲ್ಲಿ ನನ್ನನ್ನು ಯಾರಾದರೂ ಹಾಗೆ ಕೇಳಿದ್ದರೆ ಬಾವಿಗೆ ಬಗ್ಗಿ ನೋಡಿ ಹೇಳುತ್ತಿದ್ದೆ.